ಪ್ಯಾನಿಕ್ ಅಟ್ಯಾಕ್‌ಗೆ ಮಾತ್ರೆ ಬರ್ಕೊಟ್ಟಿದಾರೆ, ಶುರು ಮಾಡ್ಲಾ ಬೇಡ್ವಾ? ತುಮಕೂರು ಕಡೆಯವ್ರು ಯಾರಾದ್ರೂ ಹೇಳಿ

ತುಮಕೂರ್_ಲೋಕಲ್

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರ್ತೀನಿ. ಪ್ಯಾನಿಕ್ ಡಿಸಾರ್ಡರ್ ಅಂತ ಹೇಳಿ ಸೈಕಿಯಾಟ್ರಿ ಡಾಕ್ಟ್ರು ಎರಡು ಮಾತ್ರೆ ಬರ್ಕೊಟ್ಟಿದಾರೆ. ಎಸ್ಸಿಟಲೋಪ್ರಾಮ್ 5 ಎಂಜಿ ಬೆಳಿಗ್ಗೆ ತಿಂಡಿ ಆದ್ಮೇಲೆ, ಕ್ಲೋನಾಜೆಪಾಮ್ 0.25 ರಾತ್ರಿ ಮಲಗೋವಾಗ. ಮಾತ್ರೆ ತಂದು ಬೀರುನಲ್ಲಿ ಸೀರೆ ಕೆಳಗೆ ಇಟ್ಟಿದೀನಿ, ಇನ್ನೂ ಒಂದೂ ತಗೊಂಡಿಲ್ಲ. ರಾತ್ರಿ ಆದ್ರೆ ನಾಳೆಯಿಂದ ಶುರು ಮಾಡ್ಬಿಡೋಣ ಅನ್ಸತ್ತೆ, ಬೆಳಿಗ್ಗೆ ಎದ್ರೆ ಧೈರ್ಯ ಬರಲ್ಲ.

ನಂಗೆ 31 ವರ್ಷ, ಚಿಕ್ಕ ಮಗ ಇದಾನೆ, ತುಮಕೂರಿಂದ ಯಶವಂತಪುರಕ್ಕೆ ದಿನಾ ಟ್ರೈನಲ್ಲಿ ಓಡಾಡೋ ಕೆಲಸ. ಅಪ್ಪ ಹಾರ್ಟ್ ಅಟ್ಯಾಕಲ್ಲಿ ಹೋದ್ರು, ಅದಾಗಿ ಕೆಲವು ತಿಂಗಳಿಗೆ ನಂಗೆ ಇದು ಶುರುವಾಯ್ತು. ಟ್ರೈನು ದೊಡ್ಡಬೆಲೆ ಹತ್ರ ಸಿಗ್ನಲ್‌ಗೆ ನಿಂತಿತ್ತು, ಇದ್ದಕ್ಕಿದ್ದಂಗೆ ಎದೆ ಡವಡವ ಅಂತ ಹೊಡ್ಕೊಳ್ಳೋಕೆ ಶುರು, ಉಸಿರು ಎಳ್ಕೊಂಡ್ರೂ ಒಳಗೆ ಹೋಗ್ತಿಲ್ಲ, ಕೈಬೆರಳು ತುಟಿ ಎಲ್ಲ ಜುಮ್ ಅಂತಿದೆ, ಅಪ್ಪಂಗೆ ಆಗಿದ್ದೇ ನಂಗೂ ಆಗ್ತಿದೆ ಇವತ್ತು ಮನೆಗೆ ಹೋಗಲ್ಲ ಅನ್ನೋದು ಬಿಟ್ರೆ ತಲೇಲಿ ಬೇರೇನೂ ಇಲ್ಲ. ಕಾಲು ಗಂಟೆಗೆ ತಾನಾಗೇ ಇಳೀತು. ಆಮೇಲೆ ಇಸಿಜಿ, ಎಕೋ, ಥೈರಾಯ್ಡು, ಶುಗರು ಎಲ್ಲ ಮಾಡಿಸಿದ್ವಿ, ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಬಿಟ್ರೆ ಎಲ್ಲ ನಾರ್ಮಲ್. ಒಬ್ರು ಡಾಕ್ಟ್ರು ಗ್ಯಾಸ್ಟ್ರಿಕ್ ಅಂದ್ರು, ಗ್ಯಾಸ್ಟ್ರಿಕ್ ಮಾತ್ರೆ ತಿಂದಿದ್ದಷ್ಟೇ ಬಂತು. ಇನ್ನೊಬ್ರು ಸೈಕಿಯಾಟ್ರಿಗೆ ಕಳಿಸಿದ್ರು.

ಈಗ ಅಟ್ಯಾಕ್‌ಗಿಂತ ಅಟ್ಯಾಕ್ ಬರತ್ತೇನೋ ಅನ್ನೋ ದಿಗಿಲೇ ಜಾಸ್ತಿ ಆಗಿದೆ. ಟ್ರೈನ್ ಬಿಟ್ಟು ಬಸ್ಸಲ್ಲಿ ಹೋಗ್ತಿದೀನಿ, ಬಸ್ಸಲ್ಲೂ ಬಾಗಿಲ ಹತ್ರದ ಸೀಟೇ ಬೇಕು. ಛತ್ರದಲ್ಲಿ ಮದುವೆ ಅಂದ್ರೆ ಹೋಗಲ್ಲ, ಸಂಜೆ ಅಮಾನಿಕೆರೆ ಹತ್ರ ವಾಕಿಂಗ್ ಹೋಗ್ತಿದ್ದೆ ಅದೂ ನಿಂತೋಯ್ತು. ಮನೆಯವ್ರು ಒಳ್ಳೇವ್ರು, ಆದ್ರೆ ಮನಸ್ಸು ಗಟ್ಟಿ ಮಾಡ್ಕೋ ಅಂತಾರೆ. ಅತ್ತೆಗೆ ಇನ್ನೂ ಹೇಳಿಲ್ಲ. ನನ್ನ ಭಯ ಏನಂದ್ರೆ ಈ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಜೀವನ ಪೂರ್ತಿ ಬಿಡಕ್ಕಾಗಲ್ಲ ಅಂತಾರಲ್ಲ ಅದು ನಿಜಾನಾ? ದಪ್ಪ ಆಗ್ತೀವಾ? ಕೆಲ್ಸದಲ್ಲಿ ಮಂಕಾಗಿ ಕೂತ್ಕೊಳ್ಳೋ ಹಂಗಾಗತ್ತಾ? ಇನ್ನೊಂದು ಮಗು ಬೇಕು ಅಂತಾನೂ ಇದೆ. ತಗೊಂಡಿರೋರು, ಬೇಡ ಅಂತ ಬಿಟ್ಟಿರೋರು, ಇಬ್ರೂ ಹೇಳಿ.

ಬಟವಾಡಿ_ಹುಡ್ಗ

ಅಕ್ಕ, ನಾನು ತಗೋತಿದೀನಿ, ಇದೇ ಎಸ್ಸಿಟಲೋಪ್ರಾಮ್. ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲ್ಸ. ಯಾರೂ ಮುಂಚೆ ಹೇಳ್ದೆ ಇದ್ದಿದ್ದು ಒಂದಿದೆ, ಅದನ್ನ ಹೇಳ್ತೀನಿ. ಮೊದಲನೇ ವಾರ ಹತ್ತು ದಿನ ಕಮ್ಮಿ ಆಗೋ ಬದಲು ಸ್ವಲ್ಪ ಜಾಸ್ತೀನೇ ಆಗಬಹುದು. ನಂಗೆ ಹೊಟ್ಟೆ ತೊಳಸೋದು, ಬಾಯಿ ಒಣಗೋದು, ಕೈ ನಡುಕ, ನಿದ್ದೆ ಚೂರುಚೂರು. ಮಾತ್ರೆ ನಂಗೆ ಒಗ್ತಿಲ್ಲ ಅನ್ಕೊಂಡು ಬಿಟ್ಬಿಡೋಣ ಅಂತಿದ್ದೆ, ಫೋನ್ ಮಾಡಿದ್ದಕ್ಕೆ ಡಾಕ್ಟ್ರು ಇದು ಆಗೋದೇ, ಇನ್ನೊಂದು ವಾರ ತಡ್ಕೋ ಅಂದ್ರು. ಅದಕ್ಕೇ ನಿಮಗೆ 5 ಎಂಜಿಯಿಂದ ಶುರು ಮಾಡಿರೋದು, ಪ್ಯಾನಿಕ್ ಇರೋರಿಗೆ ಕಮ್ಮೀಲಿ ಶುರು ಮಾಡಿ ಆಮೇಲೆ 10ಕ್ಕೆ ಏರಿಸ್ತಾರೆ.

ಗುಣ ಕಾಣೋಕೆ ಟೈಮ್ ಹಿಡಿಯತ್ತೆ. ಎರಡು ವಾರಕ್ಕೆ ಕೆಲವ್ರಿಗೆ ಗೊತ್ತಾಗತ್ತೆ, ನಾಲ್ಕರಿಂದ ಆರು ವಾರ ಅನ್ಕೊಂಡ್ರೆ ಸೇಫ್. ಒಂದಿನ ದಿಢೀರ್ ಅಂತ ಚೆನ್ನಾಗ್ ಆಗ್ಬಿಡಲ್ಲ, ಯಾವಾಗ್ಲೋ ಗಮನಕ್ಕೆ ಬರತ್ತೆ, ಅರೆ ಈ ವಾರ ಎದೆ ಮೇಲೆ ಕೈ ಇಟ್ಟು ನೋಡ್ಕೊಂಡೇ ಇಲ್ವಲ್ಲ ಅಂತ. ಮಂಕು ಗಿಂಕು ಏನಿಲ್ಲ, ಕೆಲ್ಸ ಮುಂಚೆಗಿಂತ ಚೆನ್ನಾಗೇ ಮಾಡ್ತಿದೀನಿ.

ಮಧುಗಿರಿ_ಮೇಷ್ಟ್ರು

ತಾಯಿ, ನಾನು ಮಾತ್ರೆ ವಿರೋಧಿ ಅಲ್ಲ, ಆದರೆ ಅವಸರ ಬೇಡ ಅಂತೀನಿ. ತಂದೆ ಹೋದ ದುಃಖ ಇನ್ನೂ ಹಸಿ ಇದೆ. ದುಃಖಕ್ಕೆಲ್ಲ ಮಾತ್ರೆ ನುಂಗೋದು ಈಗಿನ ಕಾಲದ ಅಭ್ಯಾಸ ಆಗಿದೆ, ನನಗೆ ಅದು ಒಪ್ಪಿಗೆ ಇಲ್ಲ. ಬೆಳಗ್ಗೆ ಬೇಗ ಎದ್ದು ನಡೆಯಿರಿ, ಕಾಫಿ ಕಮ್ಮಿ ಮಾಡಿ, ಪ್ರಾಣಾಯಾಮ ಮಾಡಿ, ಕಪಾಲಭಾತಿ ಭಸ್ತ್ರಿಕಾ ಚೆನ್ನಾಗಿ ಕೆಲಸ ಮಾಡುತ್ತೆ. ಒಂದು ತಿಂಗಳು ನೋಡಿ, ಆಮೇಲೂ ಆಗಲಿಲ್ಲ ಅಂದ್ರೆ ಮಾತ್ರೆ ಇದ್ದೇ ಇದೆ.

ಗುಬ್ಬಿ_ಮೆಡಿಕಲ್ಸ್

ನಾನು ಮೆಡಿಕಲ್ ಸ್ಟೋರ್ ನಡೆಸೋನು, ಡಾಕ್ಟ್ರಲ್ಲ, ಡೋಸು ಗೀಸು ನಾನು ಹೇಳಲ್ಲ. ಆದ್ರೆ ಕೌಂಟರ್ ಈ ಕಡೆ ನಿಂತು ವರ್ಷಗಟ್ಟಲೆ ನೋಡಿರೋದು ಹೇಳ್ತೀನಿ ಮೇಡಂ, ಸ್ವಲ್ಪ ಉದ್ದ ಆಗತ್ತೆ.

ನಿಮ್ಮ ಚೀಟಿಲಿರೋದು ಎರಡು ಮಾತ್ರೆ, ಎರಡರ ಸ್ವಭಾವಾನೇ ಬೇರೆ, ಜನ ಎರಡನ್ನೂ ಒಟ್ಟಿಗೆ ಸೇರಿಸಿ ನಿದ್ದೆ ಮಾತ್ರೆ ಅಂತಾರೆ. ಅಲ್ಲೇ ಗೊಂದಲ ಶುರುವಾಗೋದು. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್, ಇವೆಲ್ಲ ಒಂದೇ ಗುಂಪು, ಎಸ್‌ಎಸ್‌ಆರ್‌ಐ ಅಂತಾರೆ. ನಿಧಾನಕ್ಕೆ ಕೆಲಸ ಮಾಡೋವು, ದಿನಾ ತಗೋಬೇಕು, ಅಟ್ಯಾಕ್ ಬಂದಾಗ ಒಂದು ನುಂಗಿದ್ರೆ ಏನೂ ಆಗಲ್ಲ. ಇದಕ್ಕೆ ಹೆಂಡ ಸಿಗರೇಟಿನ ಥರ ಬೇಕು ಬೇಕು ಅನ್ನೋ ಚಟ ಹತ್ತಲ್ಲ. ಆದ್ರೆ ತಟ್ಟಂತ ನಿಲ್ಸಿದ್ರೆ ತಲೆ ಸುತ್ತು, ತಲೇಲಿ ಕರೆಂಟ್ ಹೊಡೆದಂಗೆ, ಸಿಡುಕು, ಕೆಟ್ಟ ಕನಸು ಇವೆಲ್ಲ ಬರಬಹುದು, ಅದಕ್ಕೇ ಬಿಡೋವಾಗ ಡಾಕ್ಟ್ರು ಹೇಳಿದಂಗೆ ವಾರಗಟ್ಟಲೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸಬೇಕು. ಬಿಡಕ್ಕಾಗಲ್ಲ ಅನ್ನೋ ಮಾತು ಊರಲ್ಲಿ ಹಬ್ಬಿರೋದೇ ಇದರಿಂದ. ಚೆನ್ನಾಗಿದೀನಿ ಅಂತ ಎರಡನೇ ತಿಂಗಳಿಗೆ ನಿಲ್ಲಿಸ್ತಾರೆ, ತಲೆ ತಿರುಗತ್ತೆ, ನೋಡಿದ್ರಾ ಅಂಟ್ಕೊಂಡ್ಬಿಡ್ತು ಅಂತಾರೆ.

ಕ್ಲೋನಾಜೆಪಾಮ್, ಆಲ್ಪ್ರಜೋಲಮ್, ಲೋರಾಜೆಪಾಮ್ ಇವು ಎರಡನೇ ಗುಂಪು. ಅರ್ಧ ಮುಕ್ಕಾಲು ಗಂಟೆಲಿ ಎದೆ ತಣ್ಣಗೆ ಮಾಡ್ತವೆ, ಅದೇ ಇವುಗಳ ಅಪಾಯಾನೂ ಹೌದು. ದಿನಾ ತಗೊಂಡ್ರೆ ಕೆಲವೇ ವಾರಕ್ಕೆ ದೇಹ ಒಗ್ಗಿಹೋಗತ್ತೆ, ಅಭ್ಯಾಸ ಆಗತ್ತೆ, ಇದು ನಿಜವಾದ ಭಯಾನೇ. ಇದನ್ನೂ ತಟ್ಟಂತ ನಿಲ್ಲಿಸೋ ಹಂಗಿಲ್ಲ, ತುಂಬಾ ದಿನ ತಗೊಂಡೋರಿಗೆ ಫಿಟ್ಸ್ ಬರೋ ಸಾಧ್ಯತೆ ಇರತ್ತೆ. ಕುಡಿತದ ಜೊತೆ ಸೇರಿದ್ರೆ ಉಸಿರಾಟಕ್ಕೇ ಏಟು ಬೀಳತ್ತೆ, ಪ್ರಾಣಕ್ಕೆ ಅಪಾಯ. ಹಂಗಾದ್ರೆ ನಿಮಗೆ ಯಾಕೆ ಕೊಟ್ಟಿದಾರೆ ಅಂದ್ರೆ, ಮೇಲೆ ತಮ್ಮ ಹೇಳಿದ್ನಲ್ಲ ಮೊದಲನೇ ವಾರಗಳ ಕಷ್ಟ, ಎಸ್ಸಿಟಲೋಪ್ರಾಮ್ ಹಿಡಿತ ಸಿಗೋವರೆಗೂ ಅದನ್ನ ತಡ್ಕೊಳ್ಳೋಕೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕೊಟ್ಟು ಇಳಿಸಿ ತೆಗೀತಾರೆ. ಹಾಗಾಗಿ ಡಾಕ್ಟ್ರನ್ನ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ, ಕ್ಲೋನಾಜೆಪಾಮ್ ಯಾವತ್ತು ನಿಲ್ಲಿಸ್ತೀರಾ? ಅದಕ್ಕೆ ಸ್ಪಷ್ಟ ಉತ್ತರ ಬರಬೇಕು.

ಇನ್ನೊಂದು ನೋಡ್ತಿರ್ತೀನಿ, ಹಳೇ ಚೀಟಿ ಹಿಡ್ಕೊಂಡು ಬಂದು ಅಣ್ಣ ಅದೇ ಚಿಕ್ಕ ಮಾತ್ರೆ ಎರಡು ಶೀಟು ಕೊಡಿ ಅಂತಾರೆ, ದೊಡ್ಡ ಮಾತ್ರೆ ಬೇಡ ಅದ್ರಲ್ಲಿ ಏನೂ ಗೊತ್ತಾಗಲ್ಲ ಅಂತಾರೆ. ನಿಲ್ಲಿಸಬೇಕಾಗಿದ್ದನ್ನ ಇಟ್ಕೊಂಡು, ಮುಂದುವರಿಸಬೇಕಾಗಿದ್ದನ್ನ ಬಿಡ್ತಾರೆ. ನಾನು ಕೊಡಲ್ಲ, ಬೈದುಕೊಂಡು ಬೇರೆ ಅಂಗಡಿಗೆ ಹೋಗ್ತಾರೆ. ಆಲ್ಪ್ರಜೋಲಮ್ 2014ರಿಂದ ಶೆಡ್ಯೂಲ್ ಎಚ್1ನಲ್ಲಿದೆ, ಚೀಟಿ ನೋಡಿ, ಬರ್ಕೊಟ್ಟ ಡಾಕ್ಟ್ರು ಯಾರು, ಪೇಷಂಟ್ ಯಾರು, ಎಷ್ಟು ಕೊಟ್ವಿ ಅಂತ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡಬೇಕು, ನಾವು ಸುಮ್ಮನೆ ಸತಾಯಿಸ್ತಿಲ್ಲ.

ಎಸ್‌ಎಸ್‌ಆರ್‌ಐ ಜೊತೆ ಮಂಡಿನೋವು ಸೊಂಟನೋವು ಅಂತ ನೋವಿನ ಮಾತ್ರೆ ನೀವೇ ತಗೋಬೇಡಿ, ಹೊಟ್ಟೆಲಿ ರಕ್ತಸ್ರಾವ ಆಗೋ ಸಾಧ್ಯತೆ ಹೆಚ್ಚಾಗತ್ತೆ. ಬೇರೆ ಏನೇ ಮಾತ್ರೆ ತಗೋತಿದ್ರೂ ಡಾಕ್ಟ್ರಿಗೆ ಹೇಳಿ. ಮನೆತನದಲ್ಲಿ ಯಾರಿಗಾದ್ರೂ ಬೈಪೋಲಾರ್, ಅಂದ್ರೆ ಮನಸ್ಸು ಕೆಲವು ದಿನ ವಿಪರೀತ ಏರಿ ಕೆಲವು ದಿನ ಪೂರ್ತಿ ಕುಗ್ಗೋ ಕಾಯಿಲೆ ಇದ್ರೆ ಅದನ್ನೂ ಶುರು ಮಾಡೋಕೆ ಮುಂಚೇನೇ ಹೇಳಬೇಕು.

ಕೋಲಾರದ_ಅಕ್ಕ

ನಾನು ಮಾತ್ರೆ ಬೇಡ ಅಂತ ಆರಿಸ್ಕೊಂಡೋಳು, ಅದಕ್ಕೆ ಬರೀತಿದೀನಿ. ಬೇಡ ಅಂದ್ರೆ ಸುಮ್ನೆ ಬಿಟ್ಟಿದ್ದಲ್ಲಮ್ಮ, ಅದರ ಬದಲು ಸಿಬಿಟಿ ಮಾಡಿಸ್ಕೊಂಡೆ, ಅಂದ್ರೆ ನಾವು ಯೋಚಿಸೋ ರೀತಿ, ನಡ್ಕೊಳ್ಳೋ ರೀತಿ ಬದಲಾಯಿಸೋ ಮಾತಿನ ಚಿಕಿತ್ಸೆ, ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ. ಪ್ಯಾನಿಕ್‌ಗೆ ಸಿಬಿಟಿ ಮಾತ್ರೆಯಷ್ಟೇ ಕೆಲಸ ಮಾಡತ್ತೆ, ಇದು ಗಟ್ಟಿಯಾಗಿ ಸಾಬೀತಾಗಿರೋ ವಿಷಯ, ಬರೀ ಸಮಾಧಾನದ ಮಾತಲ್ಲ.

ಕೌನ್ಸೆಲಿಂಗ್ ಅಂದ್ರೆ ಕೂರಿಸ್ಕೊಂಡು ಧೈರ್ಯ ಹೇಳ್ತಾರೆ ಅನ್ಕೊಂಡಿದ್ದೆ. ಅಲ್ಲಿ ಆಗಿದ್ದು ಬೇರೆ. ಮೊದಲು ದೇಹದಲ್ಲಿ ಏನಾಗತ್ತೆ ಅಂತ ಬಿಡಿಸಿ ಹೇಳಿದ್ರು. ಹೆದರಿದಾಗ ಅಡ್ರಿನಾಲಿನ್ ಏರತ್ತೆ, ಉಸಿರು ಜೋರಾಗತ್ತೆ, ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗತ್ತೆ, ಅದು ಕಮ್ಮಿ ಆದ್ರೆ ಬೆರಳು ತುಟಿ ಜುಮ್ ಅನ್ನತ್ತೆ, ತಲೆ ಹಗುರ ಆಗತ್ತೆ, ಆ ಜುಮ್ ನೋಡಿ ನಾವು ಇನ್ನೂ ಹೆದರ್ತೀವಿ, ಮತ್ತೆ ಉಸಿರು ಜೋರು. ಸುಮಾರು ಹತ್ತು ನಿಮಿಷದಲ್ಲಿ ಅದರ ತುದಿ ಮುಟ್ಟಿ ಇಳಿಯೋಕೆ ಶುರುವಾಗತ್ತೆ, ನಾವು ಏನೂ ಮಾಡದೆ ಇದ್ರೂ ಇಳಿಯತ್ತೆ. ಆದ್ರೆ ನಾವು ಬಸ್ ನಿಲ್ಸಿ ಇಳಿದುಬಿಡ್ತೀವಿ, ಇಳಿದಿದ್ದಕ್ಕೇ ಬದುಕಿದೆ ಅನ್ಕೋತೀವಿ, ಮುಂದಿನ ಸಲ ಬಸ್ಸೇ ಹತ್ತಲ್ಲ. ನೀನು ಟ್ರೈನ್ ಬಿಟ್ಟೆ, ಛತ್ರ ಬಿಟ್ಟೆ, ವಾಕಿಂಗ್ ಬಿಟ್ಟೆ ಅಂತ ಬರ್ದಿದೀಯಲ್ಲ, ಮಾತ್ರೆ ತಗೋ ಬಿಡು, ಇದನ್ನ ಮಾತ್ರ ಹಂಗೇ ಬಿಡಬೇಡ. ಬಿಟ್ಟಷ್ಟೂ ದಿಗಿಲು ಬೆಳೆಯತ್ತೆ.

ಆಮೇಲೆ ಅಭ್ಯಾಸ ಮಾಡಿಸಿದ್ರು. ಕುರ್ಚಿ ಮೇಲೆ ಕೂರಿಸಿ ಗಿರಗಿರ ತಿರುಗಿಸೋದು, ಬೇಕಂತಲೇ ಒಂದು ನಿಮಿಷ ಜೋರಾಗಿ ಉಸಿರಾಡಿಸೋದು, ಮೆಟ್ಲು ಹತ್ತಿಸಿ ಎದೆ ಬಡಿತ ಏರಿಸೋದು. ಅಂದ್ರೆ ಅಟ್ಯಾಕಲ್ಲಿ ಆಗೋ ಅದೇ ಎದೆಬಡಿತ ಅದೇ ತಲೆಸುತ್ತನ್ನ ನಾವೇ ತರಿಸ್ಕೊಂಡು, ತಡ್ಕೊಂಡು ಕೂತು, ಏನೂ ಆಗಲ್ಲ ಅಂತ ದೇಹಕ್ಕೇ ಗೊತ್ತಾಗೋ ಹಂಗೆ ಮಾಡೋದು. ಭಾರಿ ಕಷ್ಟ. ಅತ್ತಿದೀನಿ. ನಿಮ್ಮ ಕಡೆ ಸಿದ್ಧಗಂಗೆ ಬೆಟ್ಟದ ಮೆಟ್ಲು ಇದೆಯಲ್ಲ, ಹಾರ್ಟ್ ಚೆನ್ನಾಗಿದೆ ಅಂತ ಇಸಿಜಿ ಎಕೋ ಹೇಳಿರೋದ್ರಿಂದ ಡಾಕ್ಟ್ರನ್ನ ಕೇಳಿ ಅದನ್ನೇ ಹತ್ತಿ ಅಭ್ಯಾಸ ಮಾಡಬಹುದು.

ತೊಂದರೆ ಏನಂದ್ರೆ ನಮ್ಮಂಥ ಊರಲ್ಲಿ ಇದನ್ನ ಸರಿಯಾಗಿ ಮಾಡಿಸೋ ಸೈಕಾಲಜಿಸ್ಟ್ ಸಿಗೋದು ಕಷ್ಟ, ಹನ್ನೆರಡು ಹದಿನೈದು ಸೆಷನ್ ಬೇಕಾಗತ್ತೆ, ಖರ್ಚೂ ಇದೆ ಟೈಮೂ ಬೇಕು. ನಾನು ಬಂಗಾರಪೇಟೆಯಿಂದ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗ್ತಿದ್ದೆ, ಟ್ರೈನ್ ಹತ್ತೋದೇ ಅರ್ಧ ಟ್ರೀಟ್‌ಮೆಂಟ್ ಆಗಿತ್ತು. ನಿಮ್ಹಾನ್ಸ್‌ನಲ್ಲೂ ಈ ಥೆರಪಿ ಮಾಡ್ತಾರೆ. ನೀನು ದಿನಾ ಯಶವಂತಪುರಕ್ಕೆ ಬರೋಳು, ಬೆಂಗಳೂರು ನಿಂಗೆ ದೂರ ಅಲ್ಲ. ಎರಡೂ ಒಟ್ಟಿಗೆ ಮಾಡೋರೂ ಇದಾರೆ, ಮಾತ್ರೆ ದಿಗಿಲನ್ನ ಒಂದು ಮಟ್ಟಕ್ಕೆ ತಂದ್ಮೇಲೆ ಈ ಅಭ್ಯಾಸ ಮಾಡೋಕೆ ಧೈರ್ಯ ಬರತ್ತೆ ಅಂತ.

ಮೇಷ್ಟ್ರೇ, ದಯವಿಟ್ಟು ತಪ್ಪು ತಿಳೀಬೇಡಿ, ಕಪಾಲಭಾತಿ ಭಸ್ತ್ರಿಕಾ ಪ್ಯಾನಿಕ್ ಇರೋರಿಗೆ ಶುರುವಿಗೇ ಹೇಳಬೇಡಿ. ವೇಗದ ಉಸಿರು, ಅದೇ ಜುಮ್ ಅದೇ ತಲೆಸುತ್ತು ತರಿಸತ್ತೆ, ಏನಾಗ್ತಿದೆ ಅಂತ ತಿಳಿಸಿ ಕೊಡೋರು ಪಕ್ಕದಲ್ಲಿ ಇಲ್ಲದಿದ್ರೆ ಅಲ್ಲೇ ಅಟ್ಯಾಕ್ ಆಗಬಹುದು.

ಮಧುಗಿರಿ_ಮೇಷ್ಟ್ರು

ನಿಮ್ಮ ಮಾತು ಓದಿದೆ ಅಮ್ಮ, ಸರಿ ಇದೆ. ಹಾಗಾದ್ರೆ ಭ್ರಾಮರಿ, ಅನುಲೋಮ ವಿಲೋಮ, ಉಸಿರು ಬಿಡೋದನ್ನ ಎಳೆಯೋದಕ್ಕಿಂತ ಉದ್ದ ಮಾಡೋದು, ಅಷ್ಟಕ್ಕೆ ನಿಲ್ಲಿಸೋಣ. ನನ್ನ ಉಳಿದ ಮಾತು ಹಾಗೇ ಇದೆ, ತಂದೆಯನ್ನ ಕಳ್ಕೊಂಡ ಮಗಳಿಗೆ ಯಾರಾದ್ರೂ ಕೂತು ತಂದೆ ವಿಷಯ ಮಾತಾಡೋರು ಬೇಕು. ಅದು ಯಾವ ಚೀಟಿಯಲ್ಲೂ ಬರೆಯಲ್ಲ.

ತುಮಕೂರ್_ಲೋಕಲ್

ಮೇಷ್ಟ್ರೇ ನಿಮ್ಮ ಕೊನೇ ಮಾತು ಓದಿ ಕಣ್ಣಲ್ಲಿ ನೀರು ಬಂತು. ಅಪ್ಪನ ಬಗ್ಗೆ ಮನೇಲಿ ಯಾರೂ ಮಾತಾಡಲ್ಲ, ಮಾತಾಡಿದ್ರೆ ನಂಗೆ ಜಾಸ್ತಿ ಆಗತ್ತೆ ಅಂತ ಅವ್ರ ಭಯ. ಮೆಡಿಕಲ್ಸ್ ಅಣ್ಣ, ಎರಡು ಮಾತ್ರೆ ಬೇರೆ ಬೇರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ನಾನು ಹೆದರ್ತಿದ್ದಿದ್ದೆಲ್ಲ ಕ್ಲೋನಾಜೆಪಾಮ್ ಬಗ್ಗೆ, ಸಿಟ್ಟು ತೋರಿಸ್ತಿದ್ದಿದ್ದು ಎಸ್ಸಿಟಲೋಪ್ರಾಮ್ ಮೇಲೆ. ಡಾಕ್ಟ್ರ ಹತ್ರ ಐದು ನಿಮಿಷ ಕೂಡ ಸಿಕ್ಕಿರ್ಲಿಲ್ಲ, ಹೊರಗೆ ಅಷ್ಟು ಜನ ಕ್ಯೂ.

ಮಗು ವಿಷಯ ಯಾರಿಗಾದ್ರೂ ಗೊತ್ತಾ?

ಶಿರಾಗೇಟ್_ಅಮ್ಮ

ನಂಗೆ ಎರಡನೇ ಹೆರಿಗೆ ಆದ್ಮೇಲೆ ಇದು ಬಂತು, ಸರ್ಟ್ರಾಲಿನ್ ಕೊಟ್ರು, ಹಾಲುಣಿಸೋರಿಗೆ ಸಾಮಾನ್ಯವಾಗಿ ಅದನ್ನೇ ನೋಡ್ತಾರಂತೆ, ಹಾಲಲ್ಲಿ ಹೋಗೋದು ತುಂಬಾ ಕಮ್ಮಿ ಅಂತ. ಪ್ಯಾರಾಕ್ಸೆಟಿನ್ ಅನ್ನೋದನ್ನ ಬಸುರಿಯರಿಗೆ ಆದಷ್ಟು ತಪ್ಪಿಸ್ತಾರೆ. ನೀವು ಮಗು ಪ್ಲಾನ್ ಇದೆ ಅಂತ ಈಗ್ಲೇ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕಂಗೆ ಮಾತ್ರೆ ಆರಿಸ್ತಾರೆ. ಒಂದ್ವೇಳೆ ತಗೋತಿರೋವಾಗ್ಲೇ ತಿಂಗಳು ನಿಂತ್ರೆ ಗಾಬರಿಯಾಗಿ ನೀವೇ ನಿಲ್ಲಿಸಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ನಮ್ಮಮ್ಮ ಬಾಣಂತಿಗೆ ಯಾವ ಮಾತ್ರೆನೂ ಬೇಡ ಅಂತ ಗಲಾಟೆ ಮಾಡಿದ್ರು, ಕೊನೆಗೆ ನಮ್ಮ ಗೈನಕಾಲಜಿಸ್ಟೇ ಅವ್ರನ್ನ ಕೂರಿಸಿ ತಾಯಿ ಚೆನ್ನಾಗಿದ್ರೆ ತಾನೇ ಮಗು ಅಂದ್ಮೇಲೆ ಸುಮ್ಮನಾದ್ರು.

ತಿಪಟೂರ್_ತೆಂಗು

ಗಂಡಸ್ರು ಯಾರೂ ಬರೆಯಲ್ಲ ಅಂತ ನಾನು ಬರೀತೀನಿ, ಹೆಂಗಸ್ರಿಗೂ ಆಗತ್ತೆ. ಎಸ್‌ಎಸ್‌ಆರ್‌ಐ ತಗೊಂಡಾಗ ಗಂಡ ಹೆಂಡ್ತಿ ಸಂಬಂಧದಲ್ಲಿ ಆಸಕ್ತಿ ಕಮ್ಮಿ ಆಗೋದು, ತಡ ಆಗೋದು ತುಂಬಾ ಜನಕ್ಕೆ ಆಗತ್ತೆ. ನನಗೆ ಆಯ್ತು. ಯಾರಿಗೂ ಹೇಳದೆ ಒಳಗೊಳಗೇ ಕೊರಗೋದು, ಆಮೇಲೆ ಗುಟ್ಟಾಗಿ ಮಾತ್ರೆ ಬಿಡೋದು, ಹೀಗೇ ಎಷ್ಟೋ ಜನ ಬಿಡೋದು. ಡಾಕ್ಟ್ರಿಗೆ ಹೇಳಿದ್ರೆ ಡೋಸ್ ಕಮ್ಮಿ ಮಾಡ್ತಾರೆ ಇಲ್ಲ ಬೇರೆ ಮಾತ್ರೆಗೆ ಬದಲಾಯಿಸ್ತಾರೆ, ದಾರಿ ಇದೆ. ಹೆಂಡ್ತಿಗೂ ಹೇಳಿ, ಇಲ್ಲಾಂದ್ರೆ ಅವ್ರು ತಮ್ಮ ಮೇಲೇ ಬೇಜಾರು ಅನ್ಕೋತಾರೆ.

ತೂಕದ ವಿಷಯ, ಕೆಲವ್ರಿಗೆ ಸ್ವಲ್ಪ ಏರತ್ತೆ, ನಂಗೆ ಏನೂ ಆಗ್ಲಿಲ್ಲ.

ಪಿಜಿ_ಹುಡ್ಗಿ

ನಾನು ಇಂಜಿನಿಯರಿಂಗ್ ಓದ್ತಿದೀನಿ, ತುಮಕೂರಲ್ಲೇ ಪಿಜಿಲಿದೀನಿ, 20 ವರ್ಷ. ಎಕ್ಸಾಂ ಹಾಲಲ್ಲಿ ಅಟ್ಯಾಕ್ ಆಗತ್ತೆ. ಸೀನಿಯರ್ ಒಬ್ರು ಪ್ರೊಪ್ರಾನೊಲಾಲ್ ತಗೋ ಕೈ ನಡುಗಲ್ಲ ಅಂತ ಒಂದು ಶೀಟ್ ಕೊಟ್ಟಿದಾರೆ. ತಗೋಬಹುದಾ? ಮನೇಲಿ ಹೇಳೋಕೆ ಆಗಲ್ಲ.

ಗುಬ್ಬಿ_ಮೆಡಿಕಲ್ಸ್

ಬೇಡಮ್ಮ. ಇನ್ನೊಬ್ರ ಮಾತ್ರೆ ಅನ್ನೋದೇ ಮೊದಲನೇ ಕಾರಣ. ನಿಂಗೆ ಉಬ್ಬಸ, ವೀಜಿಂಗ್ ಇದ್ರೆ ಪ್ರೊಪ್ರಾನೊಲಾಲ್ ತುಂಬಾ ಅಪಾಯ, ಶ್ವಾಸನಾಳ ಬಿಗಿಯತ್ತೆ. ಬಿಪಿ ಕಮ್ಮಿ ಇರೋರಿಗೂ ಆಗಲ್ಲ. ಅದು ಕೈ ನಡುಕ, ಎದೆಬಡಿತ ಇಳಿಸತ್ತೆ, ಪ್ಯಾನಿಕ್ ಡಿಸಾರ್ಡರ್‌ಗೆ ಅದೇ ಚಿಕಿತ್ಸೆ ಅಲ್ಲ.

ಕೋಲಾರದ_ಅಕ್ಕ

ಪುಟ್ಟಿ, 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎಷ್ಟೊತ್ತಿಗೆ ಮಾಡಿದ್ರೂ ಎತ್ತುತಾರೆ, ಕನ್ನಡದಲ್ಲೇ ಮಾತಾಡಬಹುದು, ಹತ್ರದಲ್ಲಿ ಯಾರನ್ನ ನೋಡಬೇಕು ಅಂತಾನೂ ಹೇಳ್ತಾರೆ. ನಿನ್ನ ವಯಸ್ಸಿಗೆ ಒಂದು ಮಾತು ಬೇರೆಯಾಗೇ ಹೇಳಬೇಕು. 25ರ ಒಳಗಿನೋರಿಗೆ ಎಸ್‌ಎಸ್‌ಆರ್‌ಐ ಶುರು ಮಾಡಿದ ಮೊದಲ ವಾರಗಳಲ್ಲಿ, ಡೋಸ್ ಬದಲಾಯಿಸಿದಾಗ, ಕೆಲವ್ರಿಗೆ ಸಾಯೋ ಯೋಚನೆ ಬರೋದು ಹೆಚ್ಚಾಗಬಹುದು ಅಂತ ಎಚ್ಚರಿಕೆ ಇದೆ. ಅದಕ್ಕೆ ಮಾತ್ರೆನೇ ಬೇಡ ಅಂತ ಅಲ್ಲ, ಒಬ್ಬಳೇ ಗುಟ್ಟಾಗಿ ಶುರು ಮಾಡೋದು ಬೇಡ ಅಂತ. ಅಮ್ಮನೋ ಅಣ್ಣನೋ ರೂಮ್‌ಮೇಟೋ, ಒಬ್ರಿಗಾದ್ರೂ ಗೊತ್ತಿರಲಿ. ಅಂಥ ಯೋಚನೆ ಈಗ್ಲೇ ಇದ್ರೆ ಇವತ್ತೇ ಫೋನ್ ಮಾಡು, ನಾಳೆಗೆ ಇಡಬೇಡ. ಮಾಡಿದ್ಮೇಲೆ ಇಲ್ಲಿ ಒಂದು ಮಾತು ಹಾಕು, ನಾನು ನೋಡ್ತಿರ್ತೀನಿ.

ಪಿಜಿ_ಹುಡ್ಗಿ

ಅಂಥ ಯೋಚನೆ ಇಲ್ಲ ಅಕ್ಕ. ಶೀಟ್ ವಾಪಸ್ ಕೊಡ್ತೀನಿ. ಫೋನ್ ಮಾಡ್ತೀನಿ.

ಶಿಡ್ಲಘಟ್ಟ_ರೀಲರ್

ನಾವು ರೇಷ್ಮೆ ಬಿಚ್ಚೋರು, ಫಿಲೇಚರ್ ಇದೆ. ನಮ್ಮನೆಯವ್ರಿಗೆ ಇದೇ ಥರ ಆಗೋದು, ಎದೆ ಹಿಡ್ಕೊಂಡು ಕೂತ್ಬಿಡೋಳು. ಗಾಳಿ ಸೋಕು ಅಂತ ತಾಯ್ತ ಕಟ್ಟಿಸಿದ್ರು, ದೃಷ್ಟಿ ತೆಗೆದ್ರು, ನಾನೂ ಬೇಡ ಅನ್ನಲಿಲ್ಲ, ಮನೆ ಹಿರಿಯರ ಸಮಾಧಾನಕ್ಕೆ. ಒಬ್ರು ಆರ್‌ಎಂಪಿ ಬರ್ಕೊಟ್ಟ ಚಿಕ್ಕ ಮಾತ್ರೆ ತಗೊಂಡು ಬೆಳಿಗ್ಗೆ ಹೊತ್ತು ತೂಗಾಡ್ತಿದ್ದಳು, ಕುದಿಯೋ ನೀರಿನ ಬೇಸಿನ್ ಹತ್ರ ಕೂತು ಎಳೆ ಹಿಡಿಯೋ ಕೆಲಸ, ಕೈ ಬಿದ್ರೆ ಏನ್ ಗತಿ. ಮೆಡಿಕಲ್ಸ್ ಅಣ್ಣ ಹೇಳಿದ್ದು ಓದಿದ್ಮೇಲೆ ಗೊತ್ತಾಯ್ತು ಅದು ಯಾವ ಗುಂಪಿನ ಮಾತ್ರೆ ಅಂತ. ಬೈಕ್ ಓಡಿಸೋರು, ಮಿಷನ್ ಹತ್ರ ಕೆಲ್ಸ ಮಾಡೋರು ಅದನ್ನ ತಗೋಳೋವಾಗ ತುಂಬಾ ಹುಷಾರಾಗಿರಬೇಕು ಅಂತ ಎಲ್ರಿಗೂ ಹೇಳಿ.

ಬೆಂಗಳೂರಿಗೆ ಹೋಗೋಕೆ ನಮ್ಮ ಕೈಲಿ ಆಗಲ್ಲ, ಒಂದಿನ ಬಿಟ್ರೆ ಗೂಡು ಚಿಟ್ಟೆ ಆಗೋಗತ್ತೆ. ಸರ್ಕಾರಿಯಲ್ಲಿ ಏನಾದ್ರೂ ಇದೆಯಾ?

ಬಟವಾಡಿ_ಹುಡ್ಗ

ಇದೆ ಅಣ್ಣ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಎಲ್ಲಾ ಜಿಲ್ಲೆಲೂ ಇದೆ, ಜಿಲ್ಲಾಸ್ಪತ್ರೆಲಿ ಸೈಕಿಯಾಟ್ರಿ ಡಾಕ್ಟ್ರು ಇರ್ತಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರ ಕ್ಲಿನಿಕ್ ಮಾಡ್ತಾರೆ, ಮಾತ್ರೆ ಉಚಿತ. ಹೋಗೋಕೆ ಮುಂಚೆ ಆಸ್ಪತ್ರೇಲಿ ವಿಚಾರಿಸ್ಕೊಳ್ಳಿ ಈ ವಾರ ಡಾಕ್ಟ್ರು ಬರ್ತಾರಾ ಅಂತ. ಈಗಾಗ್ಲೇ ತಗೋತಿರೋ ಮಾತ್ರೆ ಶೀಟನ್ನೂ ಜೊತೇಲಿ ಒಯ್ಯಿರಿ, ನೀವಾಗೇ ನಿಲ್ಲಿಸ್ಬೇಡಿ. ಹೊರಗಡೆ ಕೊಳ್ಳೋರು ಜನೌಷಧಿ ಕೇಂದ್ರದಲ್ಲಿ ಕೇಳಿ, ಅದೇ ಎಸ್ಸಿಟಲೋಪ್ರಾಮ್ ತುಂಬಾ ಕಮ್ಮಿ ರೇಟಿಗೆ ಸಿಗತ್ತೆ.

ಕುಣಿಗಲ್_ವಕೀಲೆ

ಮನೇಲಿ ಗೊತ್ತಾದ್ರೆ, ಆಫೀಸಲ್ಲಿ ಗೊತ್ತಾದ್ರೆ ಅಂತ ಹೆದರೋರಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 23ನೇ ಕಲಂ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆ ವಿಚಾರ ಗೌಪ್ಯವಾಗಿಡಿಸ್ಕೊಳ್ಳೋದು ನಿಮ್ಮ ಹಕ್ಕು. 21ನೇ ಕಲಮಲ್ಲಿ ಬೇರೆ ಕಾಯಿಲೆಗೆ ಇರೋ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಇದೆ. ಮದುವೆ ಮಾತುಕತೆಯಲ್ಲಿ ಹುಡುಗಿ ಮಾತ್ರೆ ತಗೋತಾಳೆ ಅಂತ ಮುರಿದಿದ್ದನ್ನ ನೋಡಿದೀನಿ, ಕಾನೂನು ಅದಕ್ಕೆಲ್ಲ ಔಷಧ ಅಲ್ಲ ಅನ್ನೋದು ನನಗೂ ನೋವು. ಆದರೆ ಆ ಭಯಕ್ಕೆ ಚಿಕಿತ್ಸೆ ಮುಂದೂಡಿ, ಕೆಲಸ ಬಿಟ್ಟು ಮನೇಲಿ ಕೂತ ಹುಡುಗಿಯರನ್ನೂ ನೋಡಿದೀನಿ.

ತುಮಕೂರ್_ಲೋಕಲ್

ಎಲ್ರಿಗೂ ಅಪ್ಡೇಟ್. ಮತ್ತೆ ಡಾಕ್ಟ್ರ ಹತ್ರ ಹೋಗಿದ್ದೆ, ಈ ಸಲ ಮನೆಯವ್ರನ್ನೂ ಕರ್ಕೊಂಡು. ಇಲ್ಲಿ ನೀವು ಹೇಳಿದ ಪ್ರಶ್ನೆಗಳನ್ನೆಲ್ಲ ಒಂದು ಚೀಟಿಲಿ ಬರ್ಕೊಂಡು ಹೋಗಿ ಒಂದೊಂದೇ ಕೇಳಿದೆ, ಬೇಜಾರು ಮಾಡ್ಕೊಳ್ಳದೆ ಉತ್ತರ ಕೊಟ್ರು. ಕ್ಲೋನಾಜೆಪಾಮ್ ಮೂರು ವಾರ, ಆಮೇಲೆ ದಿನ ಬಿಟ್ಟು ದಿನ ಮಾಡಿ ನಿಲ್ಲಿಸೋದು. ಎಸ್ಸಿಟಲೋಪ್ರಾಮ್ ಎರಡು ವಾರ ಆದ್ಮೇಲೆ 10, ಪೂರ್ತಿ ಚೆನ್ನಾಗಾದ್ಮೇಲೂ ಒಂದು ವರ್ಷ ಮುಂದುವರಿಸಿ ಆಮೇಲೆ ನಿಧಾನಕ್ಕೆ ಇಳಿಸೋದು, ಬೇಗ ಬಿಟ್ರೆ ವಾಪಸ್ ಬರೋದು ಜಾಸ್ತಿ ಅಂದ್ರು. ಮಗು ವಿಷಯ ಹೇಳ್ದೆ, ಅಷ್ಟರೊಳಗೆ ಪ್ಲಾನ್ ಮಾಡೋದಾದ್ರೆ ಮೊದಲೇ ಬಂದು ಹೇಳಿ, ಸರ್ಟ್ರಾಲಿನ್‌ಗೆ ಬದಲಾಯಿಸೋ ಬಗ್ಗೆ ಯೋಚನೆ ಮಾಡೋಣ ಅಂದ್ರು. ಥೆರಪಿಗೆ ಬೆಂಗಳೂರಿಗೆ ರೆಫರ್ ಮಾಡಿ ಬರ್ಕೊಟ್ರು. ಹಿಮೋಗ್ಲೋಬಿನ್‌ಗೆ ಐರನ್ ಮಾತ್ರೆ ಬೇರೆ.

ಶುರು ಮಾಡಿದೀನಿ. ಹೊಟ್ಟೆ ತೊಳಸ್ತಿದೆ, ಆದ್ರೆ ಬಟವಾಡಿ ತಮ್ಮ ಮುಂಚೇನೇ ಹೇಳಿದ್ರಿಂದ ಗಾಬರಿ ಆಗ್ತಿಲ್ಲ. ಮನೆಯವ್ರು ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು ನಿಲ್ಲಿಸಿದಾರೆ, ಡಾಕ್ಟ್ರು ಅವ್ರಿಗೂ ಕೂರಿಸಿ ಹೇಳಿದ್ರು. ಅತ್ತೆಗೆ ಹೇಳಿಲ್ಲ, ಹೇಳೋದು ನನ್ನಿಷ್ಟ ಅಂತ ವಕೀಲೆ ಮೇಡಂ ಮಾತಿಂದ ಸಮಾಧಾನ ಆಯ್ತು.

ಕೋಲಾರದ_ಅಕ್ಕ

ತುಂಬಾ ಖುಷಿ ಆಯ್ತಮ್ಮ. ನಾನು ಮಾತ್ರೆ ತಗೊಳ್ಲಿಲ್ಲ ನೀನು ತಗೊಂಡೆ ಅಂತ ಏನೂ ಅನ್ಕೋಬೇಡ, ಇಬ್ರೂ ಚಿಕಿತ್ಸೆನೇ ಮಾಡ್ತಿರೋದು. ಟ್ರೈನ್ ಹತ್ತೋದು ಮಾತ್ರ ಥೆರಪಿಸ್ಟ್ ಜೊತೆ ಮಾತಾಡಿ ಸಣ್ಣಸಣ್ಣದಾಗಿ ಶುರು ಮಾಡು, ಮೊದಲು ಕ್ಯಾತ್ಸಂದ್ರದವರೆಗೆ, ಆಮೇಲೆ ಹಿರೇಹಳ್ಳಿ.

ಶಿಡ್ಲಘಟ್ಟ_ರೀಲರ್

ನಾವೂ ಮಂಗಳವಾರ ಹೋಗಿ ಬಂದ್ವಿ ಅಣ್ಣ, ಎಸ್ಸಿಟಲೋಪ್ರಾಮೇ ಕೊಟ್ರು, ಚಿಕ್ಕ ಮಾತ್ರೆನ ನಿಧಾನಕ್ಕೆ ಇಳಿಸೋಕೆ ಹೇಳಿದಾರೆ. ಒಂದು ಅನುಮಾನ. ಬೆಳಿಗ್ಗೆ ಗೂಡಿನ ಮಾರ್ಕೆಟ್‌ಗೆ ಓಡೋ ಅವಸರದಲ್ಲಿ ಒಂದೊಂದಿನ ಮರೆತೋಗತ್ತೆ, ಸಂಜೆ ನೆನಪಾಗತ್ತೆ, ಆಗ ತಗೋಬೇಕಾ? ಮಾರನೇ ದಿನ ಎರಡು ತಗೋಬೇಕಾ?

ಗುಬ್ಬಿ_ಮೆಡಿಕಲ್ಸ್

ಎರಡು ಬೇಡ. ಎಸ್ಸಿಟಲೋಪ್ರಾಮ್ ಆದ್ರೆ ಅದೇ ದಿನ ನೆನಪಾದಾಗ ಒಂದು ತಗೊಳ್ಳಿ, ಮಾರನೇ ದಿನ ನೆನಪಾದ್ರೆ ಹೋಗಿದ್ದು ಹೋಯ್ತು ಅವತ್ತಿಂದು ಮಾತ್ರ. ದಿನಾ ಮರೀತಾರೆ ಅಂದ್ರೆ ರಾತ್ರಿ ಊಟಕ್ಕೆ ಬದಲಾಯಿಸಬಹುದಾ ಅಂತ ಡಾಕ್ಟ್ರನ್ನ ಕೇಳಿ, ಕೆಲವ್ರಿಗೆ ರಾತ್ರಿ ತಗೊಂಡ್ರೆ ನಿದ್ದೆ ಕೆಡತ್ತೆ ಅದನ್ನ ನೋಡ್ಕೋಬೇಕು. ಇನ್ನೊಂದು, ಆಸ್ಪತ್ರೆಲಿ ಕೊಟ್ಟ ಮಾತ್ರೆ ಎಷ್ಟು ದಿನಕ್ಕೆ ಬರತ್ತೆ ಅಂತ ಇವತ್ತೇ ಎಣಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಳ್ಳಿ, ಮುಗಿಯೋಕೆ ಒಂದು ವಾರ ಮುಂಚಿನ ಮಂಗಳವಾರಾನೇ ಹೋಗ್ಬಿಡಿ, ಡಾಕ್ಟ್ರು ಒಂದು ವಾರ ಬರಲಿಲ್ಲ ಅಂದ್ರೂ ಮಾತ್ರೆ ತಪ್ಪಬಾರದು.